ಪಾಳಿಯ ಸರ್ಕಾರ

ಹಸಿರು ಹಲಗೆಯ ಮೇಲೆ ಒದ್ದೆ ಸ್ಪಂಜು ಆಡಿಸಿದ ಜಾಗ ಅಂಚಿನಿಂದ ಆರುತ್ತ ಬರುತ್ತಿದೆ, ನೀರು ಹಾಯಿಸಿದ ಮಡಿ ಬಿಸಿಲಿಗೆ ಆರುವ ಹಾಗೆಯೇ, ಮೊದಲು ಬದುವಿನ ಕಡೆ, ಆಮೇಲೆ ನಡುವೆ — ನೋಡುತ್ತ ಕೂತರೆ ಈಗಷ್ಟೇ ಪಾಠ ಒಪ್ಪಿಸಿ ಕೂತ ಹುಡುಗ ಹೇಳಿದ ದೇಶವೇ ಇಂಗಿಹೋಯಿತೇನೋ ಅನ್ನಿಸುತ್ತದೆ, ನಮೀಬಿಯಾ ಅಂತ ಬರೆದಿದ್ದ, ಮೊದಲು ಆಳಿದವರು ನಮ್ಮವರೇ, ಜರ್ಮನ್ನರೇ, ಅನ್ನುವಾಗ ಟೀಚರ್ ಕಿಟಕಿಯ ಕಡೆ ನೋಡಿದಳು, ಆಮೇಲೆ ಬೇರೆಯವರು ಆಳಿದರು, ಆಮೇಲೆ ಅಲ್ಲಿಯವರು ತಮ್ಮನ್ನು ತಾವೇ ಆಳಿಕೊಂಡರು, ಮುಗೀತು, ಡಾಂಕೆ, ಧನ್ಯವಾದ, ಮಕ್ಕಳೆಲ್ಲ ಬೆರಳ ಗೆಣ್ಣಿನಿಂದ ಡೆಸ್ಕು ಬಡಿದರು, ಇಲ್ಲಿ ಚಪ್ಪಾಳೆಯ ಬದಲು ಹಾಗೆ. ಒಂದು ದೇಶ ಬಿಡುಗಡೆಯಾಗುವುದು ಹೇಗೆ ಅನ್ನುವುದು ಇವತ್ತಿನ ವಿಷಯ, ಜರ್ಮನಿಯ ಹರ್ಟ್ಸೋಗೆನಾವ್‌ರಾಕ್‌ನ ಈ ಶಾಲೆಯ ಆರನೇ ಕ್ಲಾಸಿನಲ್ಲಿ, ಮನೆಯವರೂ ಬಂದು ಕೇಳಬಹುದು ಅಂದಿದ್ದರು, ನನ್ನ ಗಂಡ ಮಹೇಶನಿಗೆ ಕಂಪನಿಯಲ್ಲಿ ಮೀಟಿಂಗು, ಹಾಗಾಗಿ ಹಿಂದಿನ ಸಾಲಿನಲ್ಲಿ ನಾನು, ನನ್ನ ಪಕ್ಕ ಅತ್ತೆ, ಸಾವಿತ್ರವ್ವ, ಇಳಕಲ್ ಸೀರೆಯ ಮೇಲೆ ಮಗನ ಜಾಕೆಟ್ಟು, ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಮೇಲೆದ್ದು ಎದೆಗೆ ಬಂದಿದೆ, ಆದರೂ ಚಾವಡಿ ಕಟ್ಟೆಯ ಮೇಲೆ ಕೂತ ಗತ್ತು, ನಮ್ಮ ಕೂಸಿನ ಪಾಳಿ ಯಾವಾಗ್ಬೇ ಮಧು, ಈಗ್ರಿ ಅತ್ತಿ, ಇದs ಈಗ, ಅಗೊ ಎದ್ಲು ನೋಡ್ರಿ.

ನನ್ನ ಮಗಳು ಪವಿ ಎದ್ದಿದ್ದಾಳೆ, ಹಲಗೆಯ ಮೇಲೆ ಒಂದು ಸೊಟ್ಟ ಗೆರೆ ಎಳೆದಳು, ಇದು ಹಳ್ಳ, ಅಂದಳು ಜರ್ಮನ್‌ನಲ್ಲಿ, ಹಳ್ಳದ ಈಚೆ ಇಂಗ್ಲಿಷರ ರಾಜ್ಯ, ಆಚೆ ನಿಜಾಮನ ರಾಜ್ಯ, ನನ್ನ ಅಪ್ಪ ಅಮ್ಮನ ಊರು ಆಚೆ — ಈಚೆಯವರಿಗೆ ನಲವತ್ತೇಳರಲ್ಲಿ ಬಿಡುಗಡೆ, ಆಚೆಯವರಿಗೆ ಇಲ್ಲ, ಹಳ್ಳದಲ್ಲಿ ಬಟ್ಟೆ ಒಗೆಯುವ ಹೆಂಗಸರು ಈ ದಂಡೆಯಲ್ಲಿ ಸ್ವತಂತ್ರರು, ಆ ದಂಡೆಯಲ್ಲಿ ಅಲ್ಲ, ಮಕ್ಕಳು ನಗುತ್ತಿದ್ದಾರೆ, ನಾನು ಅತ್ತೆಯ ಕಿವಿಯಲ್ಲಿ ಕನ್ನಡ ಮಾಡುತ್ತಿದ್ದೇನೆ, ಅತ್ತೆ ಹೂಂ ಹೂಂ ಅನ್ನುತ್ತ, ಮುಂಡರಗಿ ಕ್ಯಾಂಪಿನ್ ಹುಡುಗ್ರು ಬಂದದ್ದ ಹೇಳಿದ್ಲಿಲ್ಲೊ. ಹೇಳಿದಳು, ನಿಜಾಮನ ವಿರುದ್ಧ ಗಡಿಯ ಈಚೆ ಕ್ಯಾಂಪು ಹಾಕಿದ್ದ ಹುಡುಗರ ಜೊತೆ ಊರವರೂ ಸೇರಿ ನಿಜಾಮನ ನಾಕಾ ಹೊಡೆದರು, ಜವಾನರು ಓಡಿಹೋದರು, ನಾಕಾದ ದಫೇದಾರನ ಹಿತ್ತಾಳೆ ಕಟ್ಟಿನ ಕೋಲು ಊರವರ ಕೈಗೆ ಸಿಕ್ಕಿತು, ಹಳೆಯವರು ಹೋದರು, ದಿಲ್ಲಿಯ ಸೈನ್ಯ ಇನ್ನೂ ಬಂದಿಲ್ಲ, ಹಾಗಾದರೆ ಆ ನಡುವೆ ಶೆಫ್ ಯಾರು, ಅಂದರೆ ಯಜಮಾನ ಯಾರು — ಹೋದ ವಾರ ತಿಂಡಿ ತಿನ್ನುವಾಗ ಅಜ್ಜಿಯನ್ನು ಇದನ್ನೇ ಕೇಳಿದ್ದಳು, ಶೆಫ್ ಯಾರಿದ್ರು ಅಜ್ಜಿ, ಯಾರದಾದ್ರೂ ಭಯಾ ಇರಬೇಕಲ್ಲ, ಅತ್ತೆ ರೊಟ್ಟಿಯ ಚೂರು ಹಿಡಿದುಕೊಂಡೇ ಹೇಳಿದ್ದರು, ಎಲ್ಲಾರೂ ಶೆಫ್ಪs ತಂಗಿ, ಕ್ಯಾಂಪಿನವ್ರು ಒಬ್ಬ ಅಧ್ಯಕ್ಷನ್ನ ಆರಿಸ್ರಿ ಅಂದ್ರು, ನಮ್ಮ ಮಾವ ಶಿವಪ್ಪನವರು ಎದ್ದು ನಿಂತು, ಅಧ್ಯಕ್ಷ ಅಂದ್ರ ಇನ್ನೊಬ್ಬ ಗೌಡ ಹುಟ್ಟಿದಾಂಗ, ಬ್ಯಾಡ, ಪಾಲಿನ ಬಾವಿ ನೀರ ಹೆಂಗ ಪಾಳಿ ಮ್ಯಾಲ ಹಾಸ್ಕೊಂತೀವಿ ಹಂಗs ಸರ್ಕಾರ ನಡಸೂಣು ಅಂದ್ರು. ಒಂದೇ ಬಾವಿಗೆ ಹತ್ತಾರು ಮನೆಯ ಪಾಲು, ಇವತ್ತು ನಿನ್ನ ಹೊಲಕ್ಕೆ, ಹೊತ್ತು ಮುಳುಗಿದರೆ ಕಾಲುವೆಯ ಬಾಯಿ ತಿರುವಿ ಮುಂದಿನವನಿಗೆ, ಬೇರೆ ರೀತಿಯ ಆಡಳಿತ ಅವರು ಕಂಡಿದ್ದರಾದರೂ ಎಲ್ಲಿ, ಹಾಗಾಗಿ ಸರ್ಕಾರವೂ ಹಾಗೇ, ಕೋಲು ಯಾರ ಮನೆಯಲ್ಲೋ ಆ ದಿನ ಆ ಮನೆಯೇ ಸರ್ಕಾರ, ಜಗಳ ಬಿಡಿಸುವುದು, ರಾತ್ರಿ ಕಾವಲು, ಹಸಿದವರಿಗೆ ನೆಲದೊಳಗಿನ ಹಗೇವು ತೆಗೆಸಿ ಜೋಳ ಕೊಡಿಸುವುದು, ಸಂಜೆಗೆ ಕೋಲು ಮುಂದಿನ ಮನೆಗೆ. ಕಿವುಡ ಮುದುಕನ ಪಾಳಿಯ ದಿನ ಒಂದೂ ಜಗಳ ಬರಲಿಲ್ಲ, ಯಾಕೆಂದರೆ ಹೇಳಿಕೊಂಡು ಉಪಯೋಗವಿರಲಿಲ್ಲ, ಮೂಲೆಮನೆಯ ಅವ್ವ ತನ್ನ ದಿನ ಊರ ಗಂಡಸರಿಂದಲೇ ಓಣಿಯ ಕಸ ಹೊಡೆಸಿದಳು — ಪವಿ ಪೊರಕೆ ಹಿಡಿದ ಹಾಗೆ ನಟಿಸುತ್ತಿದ್ದಾಳೆ, ಟೀಚರ್ ಕಣ್ಣೊರೆಸಿಕೊಂಡು ನಗುತ್ತಿದ್ದಾಳೆ, ಅತ್ತೆಗೆ ಭಾಷೆ ಬೇಡವಾಗಿದೆ, ತಾವೂ ನಗುತ್ತಿದ್ದಾರೆ, ನನ್ನ ತೊಡೆ ತಟ್ಟಿ, ಥೇಟ್ ನಮ್ಮ ಮಾವನ ಗತಿ ನಿಂತಾಳ ನೋಡs.

ಅವರ ಮಾವನ ಹಾಗೆ, ಇರಬಹುದು, ಆದರೆ ಆ ಹಣೆ ನನ್ನ ಆಯಿಯದು, ನನ್ನವ್ವನ ಅವ್ವನದು, ಅದನ್ನು ಅತ್ತೆ ಕಂಡಿಲ್ಲವೆ, ಒಂದೇ ಊರಿನವರು ನಾವು, ಮಹೇಶ ಊರ ನಡುವಿನ ಮನೆಯವನು, ನಾನು ಊರ ಹೊರಗಿನ ಮಾದರ ಓಣಿಯವಳು, ಹುಬ್ಬಳ್ಳಿಯ ಕಾಲೇಜಿನಲ್ಲಿ ಒಂದೇ ಊರಿನವರೆಂದು ಮಾತು ಶುರುವಾದದ್ದು, ಊರಿನಲ್ಲಾಗಿದ್ದರೆ ಆಗುತ್ತಲೇ ಇರಲಿಲ್ಲ — ಮದುವೆಗೆ ಅತ್ತೆ ಬರಲಿಲ್ಲ, ಈಗ ಬಂದಿದ್ದಾರೆ, ನಾನು ಬಡಿದ ರೊಟ್ಟಿ ಉಣ್ಣುತ್ತಾರೆ, ಇನ್ನೊಂದ್ ಹಾಕವಾ ಅನ್ನುತ್ತಾರೆ, ಆ ಒಂದು ಮಾತು ಕೇಳಲು ಎಷ್ಟು ವರ್ಷ ಕಾದೆ, ಅದಕ್ಕೇ ಹೋದ ವಾರ ಅವರು ಕತೆ ಹೇಳಿದಾಗ ಒಲೆಯ ಕಡೆ ತಿರುಗಿ ನಿಂತುಬಿಟ್ಟೆ, ಕತೆಯ ಇನ್ನೊಂದು ತುದಿ ನನ್ನಲ್ಲಿತ್ತು, ಆಯಿ ಕೊಟ್ಟದ್ದು, ಪವಿಗೆ ಹೇಳಲಿಲ್ಲ, ಅವಳಿಗೆ ಗೊತ್ತಿರುವುದು ಇಷ್ಟೇ, ಅಮ್ಮನ ಮನೆ ಊರ ತುದಿಯಲ್ಲಿದೆ, ಅಲ್ಲಿ ಆಡುಮರಿಗಳಿವೆ. ಪಾಳಿ ಊರ ಕೊನೆಯ ಮನೆ ಮುಗಿಸಿ ನಮ್ಮ ಓಣಿಯ ಬಾಯಿಗೆ ಬಂದಾಗ ಯಾರೂ ಏನೂ ಅನ್ನಲಿಲ್ಲವಂತೆ, ಬೇಡ ಅನ್ನಲಿಲ್ಲ, ಬಾ ಅನ್ನಲಿಲ್ಲ, ಕೋಲನ್ನು ಚಾವಡಿಯ ಗೋಡೆಗೆ ಒರಗಿಸಿ ಹೋದರಂತೆ, ನಮ್ಮ ಮನೆಗಳ ದಿನಗಳೆಲ್ಲ ಹಾಗೇ ಕಳೆದವು, ಆಯಿ ಆಗ ಸಣ್ಣ ಹುಡುಗಿ, ಕಟ್ಟೆ ಹತ್ತುವ ಹಾಗಿಲ್ಲ, ಹುಣಸೆಮರದ ಬುಡದಲ್ಲಿ ನಿಂತು ನೋಡುವಳಂತೆ, ಗೋಡೆ, ಗೋಡೆಗೆ ಒರಗಿದ ಕೋಲು, ಹಿತ್ತಾಳೆಯ ಮೇಲೆ ಬಿಸಿಲು — ನಾನು ಕೇಳುತ್ತಿದ್ದೆ, ಹಂಗಾರ ಆ ದಿನ ಸರ್ಕಾರ ಯಾರದಬೇ ಆಯಿ, ಆಯಿ ಬಾಯಲ್ಲಿ ತಂಬಾಕು ಹೊರಳಿಸಿ, ಯಾರದೂ ಅಲ್ಲ, ಕಳುವು ಇಲ್ಲ ಜಗಳ ಇಲ್ಲ, ಊರು ಚಲೋನs ನಡದಿತ್ತ ಬಿಡು, ಅಂದು ನಕ್ಕುಬಿಡುತ್ತಿದ್ದಳು, ಆ ನಗು ನನಗೆ ಇವತ್ತಿಗೂ ಬಿಡಿಸಲು ಬಂದಿಲ್ಲ, ಯಾರೂ ಹಿಡಿಯದ ಕೋಲಿಗೆ ಊರು ಅಂಜಿತ್ತೆ, ಅಥವಾ ಅಂಜಿಕೆ ಇಲ್ಲದೆಯೂ ಊರು ನಡೆಯುತ್ತದೆ ಅಂತ ಆ ದಿನಗಳಲ್ಲಿ ಮಾತ್ರ ಗೊತ್ತಾಯಿತೆ, ಹಾಗೆ ಗೊತ್ತಾದವರು ಯಾಕೆ ಸುಮ್ಮನಿದ್ದರು.

ಡೆಸ್ಕು ಬಡಿಯುತ್ತಿದ್ದಾರೆ, ಮುಗಿಯಿತು, ಇನ್ನು ಪ್ರಶ್ನೆಗಳು ಅಂದಳು ಟೀಚರ್, ಹಲ್ಲಿಗೆ ತಂತಿ ಕಟ್ಟಿಸಿಕೊಂಡ ಹುಡುಗಿಯೊಬ್ಬಳು ಕೈಯೆತ್ತಿ, ಎಲ್ಲಾ ಮನೆಗೂ ಪಾಳಿ ಬರುತ್ತಿತ್ತಾ, ಅಂದಳು, ಆಟದ ನಿಯಮ ಕೇಳುವ ಹಾಗೆ, ಅಷ್ಟೇ, ಪವಿ ಯಾ, ಹೌದು, ಅಂದವಳು ಯಾಕೋ ತಡೆದಳು, ಹಿಂದೆ ನೋಡಿದಳು, ಮಮ್ಮಿ, ಎಲ್ಲಾ ಮನಿಗೂನಾ, ಎಲ್ಲರೂ ತಿರುಗಿದರು, ಆ ಹುಡುಗಿ ಏನ್ ಕೇಳತೈತ್ಬೇ ಅಂದರು ಅತ್ತೆ. ಏನು ಬೇಕಾದರೂ ಹೇಳಬಹುದು ನಾನು, ಇವರಿಗೆ ಜರ್ಮನ್ ಬಾರದು, ಆ ಮಕ್ಕಳಿಗೆ ಕನ್ನಡ ಬಾರದು, ಹೌದು ಅಂದರೆ ಪವಿ ಎಂದೆಂದಿಗೂ ಸರ್ಕಾರದ ಮನೆಯವಳಾಗಿಯೇ ಉಳಿಯುತ್ತಾಳೆ, ಅವಳ ಅರ್ಧ ಅವಳಿಗೆ ಸಿಗುವುದಿಲ್ಲ, ಇಲ್ಲ ಅಂದರೆ ಆ ಇನ್ನೊಂದ್ ಹಾಕವಾ — ಎಲ್ಲಾ ಮನಿಗೂ ಪಾಳಿ ಬಂತೇನು ಅಂತ ಕೇಳಾಕತ್ತಾಳ್ರಿ ಅತ್ತಿ, ಅಂದೆ, ಇದ್ದದ್ದು ಇದ್ದ ಹಾಗೆ. ಅತ್ತೆ ಜಾಕೆಟ್ಟಿನ ಜಿಪ್ಪು ಮೇಲೆಳೆದರು, ಕೆಳಗೆಳೆದರು, ನನ್ನನ್ನು ನೋಡಲಿಲ್ಲ, ಕೂಸಿಗೆ ಸುಳ್ಳ ಹೇಳಬ್ಯಾಡ, ಅಂದರು, ಹುಣಸಿಗಿಡದ ಬುಡಕ ನಿಮ್ಮ ಓಣಿದು ಒಂದ್ ಹುಡುಗಿ ದಿನಾ ಬಂದು ನೋಡ್ಕೋತ ನಿಂದರತಿತ್ತಂತ, ನಮ್ಮ ಮಾವ ಸಾಯೂ ತನಕಾ ಹೇಳತಿದ್ರು, ನಿಮ್ಮ ಆಯಿನs ಇರಬೇಕದು, ನೀನs ಹೇಳು.

ಕಂಡಿದ್ದರು, ಹಾಗಾದರೆ ಶಿವಪ್ಪನವರು ಅವಳನ್ನು ಕಂಡಿದ್ದರು, ಆಯಿಯ ಮಾತಿನಲ್ಲಿ ಯಾವತ್ತೂ ಕಟ್ಟೆಯ ಮೇಲೆ ಯಾರೂ ಇರಲಿಲ್ಲ, ಗೋಡೆ, ಕೋಲು, ಬಿಸಿಲು, ಇಷ್ಟೇ, ಈಗ ಒಬ್ಬ ಮನುಷ್ಯ ಬಂದು ಕೂತಿದ್ದಾನೆ — ನೈನ್, ಇಲ್ಲ, ಅಂದೆ, ಎದ್ದು ನಿಂತಿದ್ದೇನೆ, ಎಲ್ಲಾ ಮನೆಗೂ ಇಲ್ಲ ಅಂದೆ ಜರ್ಮನ್‌ನಲ್ಲಿ, ನನ್ನ ಮನೆಗೆ ಬರಲಿಲ್ಲ, ಪವಿಯ ಬಾಯಿ ಸ್ವಲ್ಪ ತೆರೆದಿದೆ, ಯಾಕೆ ಮಮ್ಮಿ, ವರೂಮ್, ಯಾಕೆ, ಯಾಕೆ ಅಂದರೆ, ಯಾಕೆ ಅಂದರೆ ಅವನು ಕಟ್ಟೆಯ ಮೇಲೆ ಕೂತಿದ್ದಾನೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕೋಲು, ಹುಡುಗಿಯನ್ನು ನೋಡುತ್ತಿದ್ದಾನೆ, ಕೋಲು ಎತ್ತಿ ಕೊಡುತ್ತಿಲ್ಲ, ಹುಡುಗಿ ಕೋಲನ್ನು ನೋಡುತ್ತಿದ್ದಾಳೆ, ಹಿತ್ತಾಳೆಯ ಮೇಲೆ ಬಿಸಿಲು, ಕೈ ಚಾಚಿದರೆ ಸಿಗುವಷ್ಟು, ಗೋಡೆಗೆ ಒರಗಿದ ಕೋಲು