ಹಾರ ಹಾಕಿಸಿಕೊಂಡ ಸಿಂಕು

ಮೈಕಿಗೆ ಹೇಳಿದ ಮಾತು ಒಳಗೆ ಹೋಗಿ ಅಲ್ಲೇ ಉಳಿದುಬಿಟ್ಟರೆ ಏನು ಗತಿ ಎಂದು ನೇತ್ರಾ ಬೆಳಗಿನಿಂದ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಡೈರಿಯಲ್ಲಿ ಪುಟಗಟ್ಟಲೆ ಮಾತಾಡುವ ಹುಡುಗಿ, ಹೋಟೆಲಿನ ಗಿರಾಕಿಗಳ ಹತ್ತಿರ ಚಿಲ್ಲರೆ ಕೇಳಲೂ ಕೈಸನ್ನೆ ಮಾಡುತ್ತಿದ್ದಳು. ಅಂಥವಳಿಗೆ ಅಪ್ಪ ಇವತ್ತಿನ ಸನ್ಮಾನದ ನಿರೂಪಣೆ ವಹಿಸಿದ್ದರು. ಡಿಗ್ರಿ ಮುಗಿಸಿದವಳು ಮನೆಯಲ್ಲೇ ಇರುವಾಗ ಹೊರಗಿನವರು ಯಾಕೆ ಎಂಬುದು ಅವರ ವಾದ.

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡಿನ ಎದುರು ಅಪ್ಪ ಚಂದ್ರಶೇಖರಯ್ಯನವರ ಹೋಟೆಲು. ಧಾರಾವಾಹಿ ನಟ ಅಮರನಾಥ, ಹೆಸರು ಮಾಡುವ ಮೊದಲು, ಅಲ್ಲಿ ಕೆಲಸಕ್ಕಿದ್ದದ್ದು ನಿಜ. ಈಚೆಗೆ ಟೀವಿಯಲ್ಲಿ ಅವನು, "ಊರಿನ ಹೋಟೆಲಲ್ಲಿ ತಟ್ಟೆ ತೊಳೆದು ಬೆಳೆದವನು ನಾನು" ಎಂದು ಕಣ್ಣೊರೆಸಿಕೊಂಡ. ಮಾರನೆಯ ದಿನದಿಂದ ಜನ ಸಿಂಕು ನೋಡಲು ಬರತೊಡಗಿದರು. ಹಾಸನದವರು ಫೋಟೊ ತೆಗೆಸಿಕೊಂಡು, ಹೇಗೂ ಬಂದದ್ದಾಯಿತೆಂದು ಮಸಾಲೆ ದೋಸೆ ತಿಂದರು. ಹೊಳೆನರಸೀಪುರದವರೊಬ್ಬರು ಮಗನ ತಲೆಗೆ ಸಿಂಕಿನ ನೀರು ಚಿಮುಕಿಸಿದರು. ಹುಡುಗ ಪಿಯುಸಿ ಫೇಲಾಗಿದ್ದ. ಅಪ್ಪ ಸಿಂಕಿಗೆ ಹಾರ ಹಾಕಿಸಿ, 'ಇಲ್ಲಿ ಯಾರೂ ತಟ್ಟೆ ತೊಳೆಯಬಾರದು' ಎಂದು ಬೋರ್ಡು ಬರೆಸಿದರು. ಇವತ್ತು ಆ ಸಿಂಕಿನ ಮುಂದೆಯೇ ಅಮರನಾಥನಿಗೆ ಸನ್ಮಾನ.

ತೊಳೆಯುವವಳೊಬ್ಬಳು ಇದ್ದಳು. ನುಗ್ಗೇಹಳ್ಳಿಯಿಂದ ಮೊದಲ ಬಸ್ಸಿಗೆ ಬರುವ ಚಿಕ್ಕಲಕ್ಷ್ಮಮ್ಮ. ನೇತ್ರಾ ಹುಟ್ಟುವ ಮೊದಲಿನಿಂದ ಆ ಸಿಂಕು ಅವಳದೇ. ಈಗ ಹಿತ್ತಿಲ ನಲ್ಲಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ತೊಳೆಯುತ್ತಿದ್ದಳು. ಏಳುವಾಗ ಗೋಡೆ ಹಿಡಿಯಬೇಕಿತ್ತು.

"ಮಂಡಿ ಇಂಗೇ ಆದ್ರೆ ಮುಂದ್ಲ ತಿಂಗ್ಳಿಂದ ಬರಕಾಗಕಿಲ್ಲ ಕಣವ್ವ," ಎಂದಿದ್ದಳು ನೇತ್ರಾಳ ಹತ್ತಿರ. "ಆ ಹೈದ ಎಲ್ಲಿ ತೊಳೆದಿದ್ದ? ತಾನು ತಿಂದ ತಟ್ಟೇನೂ ಟೇಬಲ್ ಮ್ಯಾಲೇ ಬುಟ್ಬುಟ್ಟು ಓಗೋನು. ಅಂಗಂತ ನೀನೇನೂ ಅನ್ನಕ್ಕೋಗ್ಬ್ಯಾಡ. ದೊಡ್ಡೋನಾಗವ್ನೆ."

ಅಮರನಾಥನದು ಗಲ್ಲಾದಲ್ಲಿ ಕೂತು ಕೂಪನ್ ಹರಿದುಕೊಡುವ ಕೆಲಸ. ಆಗ ಶಾಲೆಯ ಹುಡುಗಿಯಾಗಿದ್ದ ನೇತ್ರಾ ಪಕ್ಕದಲ್ಲೇ ಹೋಂವರ್ಕ್ ಮಾಡುತ್ತಿದ್ದಳು. ಅದೇ ಕುರ್ಚಿಯಲ್ಲಿ ಕೂತು ಈಗ ಅವಳು ಕೂಪನ್ ಹರಿಯುತ್ತಾಳೆ. ಆ ಕುರ್ಚಿಯ ಜೊತೆ ಯಾರೂ ಫೋಟೊ ತೆಗೆಸಿಕೊಂಡಿಲ್ಲ.

ಅಪ್ಪನಿಗೂ ಇದೆಲ್ಲ ಗೊತ್ತು. "ಕೂಪನ್ ಹರ್ದು ಮೇಲೆ ಬಂದ ಅಂದ್ರೆ ಯಾರಮ್ಮ ಕಣ್ಣೀರು ಹಾಕ್ತಾರೆ?" ಎಂದರು. "ಚಿಕ್ಕಲಕ್ಷ್ಮಮ್ಮಂಗೆ ಮಂಡಿಗೆ ಎಣ್ಣೆ ತರಿಸ್ಕೊಟ್ಟಿದೀನಲ್ಲ."

ಮಧ್ಯಾಹ್ನ ಅಮರನಾಥ ಬಂದ. ನೇತ್ರಾ ಸ್ವಾಗತ ಕೋರಿದಳು, ಪಕ್ಕದಲ್ಲಿದ್ದವರಿಗೆ ಕೇಳಿಸಿತು. ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆದ ಮೇಲೆ ಕ್ಯಾಮೆರಾದವನು, "ಒಂದು ತಟ್ಟೆ ತೊಳೀರಿ ಸಾರ್," ಎಂದ.

"ಚಿಕ್ಕಲಕ್ಷ್ಮಮ್ಮ, ಒಂದು ಮುಸುರೆ ತಟ್ಟೆ ತಾ," ಎಂದರು ಅಪ್ಪ.

ಅವಳು ಗೋಡೆ ಹಿಡಿದುಕೊಂಡು ಬಂದಳು. "ಎಲ್ಲಾ ತೊಳ್ದಾಯ್ತಲ್ಲ ಸಾ."

"ಅದಕ್ಕೇ ಒಂಚೂರು ಚಟ್ನಿ ಬಳಿ."

ಅವಳು ತೊಳೆದ ತಟ್ಟೆಗೆ ಚಟ್ನಿ ಬಳಿದು ಕೊಟ್ಟಳು. ಅಮರನಾಥ ಸಿಂಕಿನ ಹಾರ ಸರಿಸಿ, ತಟ್ಟೆಯನ್ನು ನೀರಿಗೆ ಹಿಡಿದು, "ಹಳೇ ಅಭ್ಯಾಸ, ಕೈ ಮರ್ತಿಲ್ಲ," ಎಂದ. ಜನ ಚಪ್ಪಾಳೆ ತಟ್ಟಿದರು. ತಟ್ಟೆ ಅವಳ ಕೈಗೆ ವಾಪಸ್ ಬಂತು. ಅಂಚಿನಲ್ಲಿ ಚಟ್ನಿ ಹಾಗೇ ಇತ್ತು. ಅವಳು ಮತ್ತೆ ತೊಳೆಯಲು ಗೋಡೆ ಹಿಡಿದು ಹಿತ್ತಿಲ ಕಡೆ ಹೊರಟಳು.

ಏನಾದರೂ ಮಾತಾಡು ಎಂದು ಅಪ್ಪ ಕಣ್ಣಲ್ಲೇ ಹೇಳಿದರು. ನೇತ್ರಾ ಮೈಕನ್ನು ಬಾಯಿಗೆ ಹತ್ತಿರ ತಂದಳು. ಈ ಸಲದ ಮಾತು ಎದುರಿನ ಬಸ್‌ಸ್ಟ್ಯಾಂಡಿಗೂ ಕೇಳಿಸಿತು.

"ಅಮರಣ್ಣ ಇಲ್ಲಿ ಕೂಪನ್ ಹರೀತಿದ್ರು. ಈ ಸಿಂಕು ಚಿಕ್ಕಲಕ್ಷ್ಮಮ್ಮಂದು."