ಐದನೆಯ ಮೆಟ್ಟಿಲ ಕೆಂಪು ಚುಕ್ಕೆ

ಪ್ಯಾಂಟಿನ ಮೇಲೆ ಉಜ್ಜಿದರೆ ಬಟ್ಟೆಯ ಒರಟು ಮೂರು ಬೆರಳಿಗೆ ಗೊತ್ತಾಗುತ್ತದೆ, ಉಂಗುರದ ಬೆರಳಿಗೆ ಮಾತ್ರ ಏನೂ ಇಲ್ಲ, ಯಾರದ್ದೋ ಬೆರಳು ತಂದು ಲವೆಲ್‌ನ ಎಡಗೈಗೆ ಹೊಲಿದ ಹಾಗೆ — ಬಾರಿನ ಬಾಗಿಲು ತೆರೆದಾಗಲೆಲ್ಲ ಭಾನುವಾರ ಮಧ್ಯಾಹ್ನದ ಬಿಸಿಲು ಒಳಗೆ ಬೀಳುತ್ತದೆ, ಕರಿದ ಮೀನಿನ ವಾಸನೆ, ಇನ್ನಷ್ಟು ಖಾರದ ಸಾಸ್ ಕೊಡಮ್ಮ ಅಂತ ಯಾರೋ. ತಲೆಗೂದಲು ಕಪ್ಪಿದ್ದಾಗಿನಿಂದ ಗಿಟಾರು ಹಿಡಿದು ಕೂತ ಕುರ್ಚಿ ಇದು, ಕ್ಲಿಯೋಥಾನ ಎಡಕ್ಕೆ, ಇಡೀ ಶಿಕಾಗೋದಲ್ಲಿ ತನ್ನದು ಅಂತ ಇರುವುದು ಇದೊಂದೇ, ಇದೂ ಹೋದರೆ ಲವೆಲ್ ಯಾರು, ಮೀನು ತಿನ್ನಲು ಬಂದ ಇನ್ನೊಬ್ಬ ಮುದುಕ. ಬ್ಯಾಂಡು ಕ್ಲಿಯೋಥಾನದು, ಕಳೆದ ವಾರ ಅವನೇ ಹೆಗಲ ಮೇಲೆ ಕೈ ಹಾಕಿ ಅಂದ, ನೋಡಪ್ಪಾ, ನೀನು ನಂಗೆ ತಮ್ಮ ಇದ್ದ ಹಾಗೆ, ಆದ್ರೆ ಜನ ಬರೋದು ಬ್ಲೂಸ್ ಕೇಳೋಕೆ, ನಿನ್ನ ಮುಖ ನೋಡೋಕಲ್ಲ, ಬರೋ ಭಾನುವಾರ ಮೊದಲ್ನೇ ಹಾಡು ನೀನು ಬಾರ್ಸು, ಆಗ್ಲಿಲ್ಲ ಅಂದ್ರೆ ನಿನ್ನ ಜಾಗದಲ್ಲಿ ಯೋಲಾಂಡಾ ಕೂತ್ಕೋತಾಳೆ. ಯೋಲಾಂಡಾ ಅಗೋ, ಮೊಣಕಾಲ ನಡುವೆ ಗಿಟಾರಿನ ಪೆಟ್ಟಿಗೆ ಇಟ್ಟುಕೊಂಡು, ನೋಡದ ಹಾಗೆ ನೋಡುತ್ತ, ಒಳ್ಳೆಯ ಹುಡುಗಿ, ಅದೇ ಹೊಟ್ಟೆ ಉರಿಸುವುದು. ಬೆಳಿಗ್ಗೆ ಅಡುಗೆಮನೆಯಲ್ಲಿ ತನ್ನ ಗಿಟಾರಿನ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿದ, ಸಡಿಲಾದರೆ ಸತ್ತ ಬೆರಳೂ ಒತ್ತೀತು ಅಂತ, ಒತ್ತಿತು ಕೂಡ, ಯಾರಿಗೂ ಹೇಳುವುದು ಬೇಡ, ಗಿಟಾರಿನ ಕತ್ತಿನ ಮೇಲೆ ಎಲ್ಲವನ್ನೂ ಒಂದು ಮೆಟ್ಟಿಲು ಮೇಲೆ ಹಿಡಿದರೆ ಶ್ರುತಿ ಸರಿಹೋಯಿತು, ಒಂದು ಮೆಟ್ಟಿಲು ಮೇಲೆ, ಒಂದು ಮೆಟ್ಟಿಲು ಮೇಲೆ, ಬಸ್ಸಿನಲ್ಲಿ ಅದೇ ಜಪ.

ಬೆರಳು ಒತ್ತುತ್ತದೋ ಇಲ್ಲವೋ, ಒತ್ತು, ಮಾರಾಯ, ಇದೊಂದು ಸಲ — ಅಣ್ಣ ಡಾರ್ಸಿ ಹಿತ್ತಲ ಬಾಗಿಲಲ್ಲಿ ಕೂತು ಇದೇ ಬೆರಳನ್ನು ಹಿಡಿದು ತಂತಿಯ ಮೇಲೆ ಕೂರಿಸುತ್ತಿದ್ದ, ಲೋ ಪೆದ್ದ, ಒಟ್ಟಿಗೆ ನುಡಿಯೋ ಸ್ವರಗಳ ಕಾರ್ಡು ಅಂದ್ರೆ ಮನೆ ಕಣೋ, ಕೈ ಹೀಗೆ ಹಿಡಿದ್ಯಾ, ಮನೆ ಕಟ್ತು, ಅದರ ಸುತ್ತ ಈ ಐದು ಸ್ವರ ಅಂಗಳ, ಕಾರ್ಡಿನ ಉಂಗುರದ ಬೆರಳು ಎಲ್ಲಿ ಕೂರುತ್ತೋ ಐದು ಸ್ವರದಲ್ಲೂ ಅದು ಅಲ್ಲೇ ಇಳಿಬೇಕು, ಬೇರೆಯವರ ಅಂಗಳದಲ್ಲಿ ಆಡಿದ್ರೆ ನಾಯಿ ಕಚ್ಚುತ್ತೆ. ಮನೆ ಮರೆಯದಿರಲಿ ಅಂತ ದಪ್ಪ ತಂತಿಯ ಕೆಳಗೆ, ಐದನೆಯ ಮೆಟ್ಟಿಲಲ್ಲಿ, ಅಮ್ಮನ ಉಗುರು ಬಣ್ಣದಿಂದ ಕೆಂಪು ಚುಕ್ಕೆ ಇಟ್ಟ, ಅಮ್ಮ ಪೊರಕೆ ಹಿಡಿದು ಅಟ್ಟಿಸಿಕೊಂಡು ಬಂದಳು, ಯಾವನೋ ಅದು ನನ್ನ ಬಣ್ಣ ಮುಟ್ಟಿದ್ದು. ಅಮ್ಮ ಹೋದಳು, ಅಣ್ಣ ಹೋದ, ಈ ಗಿಟಾರಿನ ಚುಕ್ಕೆ ಸವೆದಿಲ್ಲ. ಅಣ್ಣಾ, ಹೆದರಿಕೆ ಆಗ್ತಿದೆ ಕಣೋ. ಕ್ಲಿಯೋಥಾ ಬೆನ್ನ ಹಿಂದೆ ಕೈ ತಂದು ಮೂರು ಬೆರಳು ಮೇಲಕ್ಕೆತ್ತಿದ, ಮೂರು ಮೇಲಕ್ಕೆ ಅಂದರೆ ಎ ಶ್ರುತಿ, ಎ ಅಂದರೆ ಅಣ್ಣ ಕಟ್ಟಿದ ಮನೆ, ದೇವರೇ, ಕಣ್ಣು ಕಟ್ಟಿದರೂ ಅಲ್ಲಿಗೆ ಹೋದೇನು, ಡ್ರಮ್ಮು ಶುರುವಾಯಿತು, ಬೆರಳೇ ಬೀಳು, ಬೀಳು, ಕೆಂಪು ಚುಕ್ಕೆ ಕಾಣುತ್ತಿದೆ, ಕೈ ಅದರ ಮೇಲೆ ಕೂತಿತು, ಬೆರಳು ಬಿತ್ತು, ಬಿತ್ತಲ್ಲ, ಏಳನೆಯ ಮೆಟ್ಟಿಲಲ್ಲಿ ಕಂಬದ ಹಾಗೆ ನಿಂತಿತು, ಕಾರ್ಡು ತುಂಬಿ ಬಂತು, ಅದರ ಬೆನ್ನಿಗೇ ಐದು ಸ್ವರ ಒಂದೂ ತಪ್ಪದೆ ಅಂಗಳಕ್ಕೆ ಇಳಿದವು — ಇದೇನು ಸದ್ದು, ಯಾಕೆ ಬ್ಯಾಂಡಿನ ಆರ್ಗನ್ನು ಅಳುತ್ತಿದೆ, ಯಾಕೆ ಕ್ಲಿಯೋಥಾ ಹಲ್ಲು ಕಚ್ಚುತ್ತಿದ್ದಾನೆ, ಮೀನಿನ ತಟ್ಟೆಗಳ ಮೇಲಿಂದ ತಲೆಗಳು ಏಳುತ್ತಿವೆ, ಇವನ ಮನೆಗೆ ಇವನ ಅಂಗಳ ಸರಿಯಾಗೇ ಇದೆ, ಮನೆಯೇ ಬ್ಯಾಂಡಿಗಿಂತ ಒಂದು ಮೆಟ್ಟಿಲು ಕೆಳಗೆ, ತಂತಿ ಸಡಿಲ, ಬೆಳಿಗ್ಗೆ, ಅಡುಗೆಮನೆ, ಮರೆತೇಬಿಟ್ಟ, ಜಪವೆಲ್ಲ ಬೆರಳಿನ ಹೆದರಿಕೆಯಲ್ಲಿ ಕೊಚ್ಚಿಹೋಯಿತು, ಮೇಲೆ ಸರಿ, ಒಂದೇ ಮೆಟ್ಟಿಲು, ಈಗಲೂ ಸರಿದರೆ ಜನ ಬೇಕಂತಲೇ ಜಾರಿಸಿದ ಅಂದುಕೊಂಡಾರು, ಸರಿ, ಸರಿ, ಕೈ ಕೇಳುವುದಿಲ್ಲ, ಅಲ್ಲಿ ಚುಕ್ಕೆ ಇಲ್ಲ, ಅಲ್ಲಿ ಅಣ್ಣ ಏನೂ ಇಟ್ಟಿಲ್ಲ. ಸಾಕು ಬಿಡಪ್ಪಾ ಲವೆಲ್, ಅಂದ ಕ್ಲಿಯೋಥಾ. ಪೆಟ್ಟಿಗೆಯ ಚಿಲಕ ಟಕ್ಕೆಂದಿತು, ಯೋಲಾಂಡಾ ಎದ್ದಳು, ಅಂಕಲ್, ಒಂಚೂರು ಜಾಗ — ಉಂಗುರದ ಬೆರಳು ಇನ್ನೂ ಒತ್ತಿಕೊಂಡೇ ಇದೆ, ಹೇಳಿದ ಮಾತು ಕೇಳಿದ ಬೆರಳು, ಅದರ ಹಿಂದೆ ಎರಡು ಮೆಟ್ಟಿಲು ಕೆಳಗೆ, ಅಮ್ಮನ ಉಗುರಿನ ಬಣ್ಣ, ಕೆಂಪು ಚುಕ್ಕೆ, ಕೆಂಪು ಚುಕ್ಕೆ