ನಗಿಸದೆ ಓದಬೇಕಾದ ಪುಟ

ಅವಳು ಕುರ್ಚಿಗಳನ್ನು ಸಾಲಾಗಿ ಎಳೆದಿಡುತ್ತಿರುವಾಗಲೇ ಮೈದುನ ಆ ಪುಸ್ತಕವನ್ನು ಮೇಷ್ಟ್ರ ಕೈಗೆ ಕೊಟ್ಟುಬಿಟ್ಟಿದ್ದ.

“ಅಣ್ಣ ಜೀವನದಲ್ಲಿ ಓದಿದ್ದು ಇದೊಂದೇ. ಮಣ್ಣಿಗಿಡೋ ಮುಂಚೆ ಇದರದ್ದೇ ಒಂದು ಪುಟ ಓದಿ, ಮೇಷ್ಟ್ರೇ. ಅತ್ತಿಗೆಗೆ ಪಾಠ ಹೇಳಿದೋರು ನೀವು.”

ಮೇಷ್ಟ್ರು ರಟ್ಟು ನೋಡಿ ತಬ್ಬಿಬ್ಬಾದರು. ಸಂಜೆ ತರಗತಿಯಲ್ಲಿ ಅದನ್ನು ಕಲಿಸಿದ್ದು ಅವರೇ. ಏನೇ ಅನಾಹುತವಾದರೂ ಲೋಕ ನೆಟ್ಟಗಿದೆಯೆಂದು ಸಾಧಿಸುವ ಒಬ್ಬ ಗುರುವನ್ನು ಮೊದಲಿಂದ ಕೊನೆಯವರೆಗೆ ಲೇವಡಿ ಮಾಡಿ ಬರೆದ ಹಳೆಯ ಪುಸ್ತಕ. ಅವರು ಓದಿದರೆ ತರಗತಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಶವಪೆಟ್ಟಿಗೆಯ ಸುತ್ತ ಗಂಡನ ಜೊತೆ ಕೆಲಸ ಮಾಡುತ್ತಿದ್ದ ಲಾಂಡ್ರಿಯವರು ನಿಂತು ಬಾಯ್ಲರಿನ ರಿಪೇರಿಯ ಬಗ್ಗೆ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದರು. ಅವಳಿಗೆ ಬೆಳಗಿನಿಂದ ಅಳು ಬಂದಿರಲಿಲ್ಲ. ಮೈಯೆಲ್ಲ ಮರದ ಕೊರಡು. ಒಳಗೆ ಮಿಸುಕುತ್ತಿದ್ದುದು ಒಂದೇ ದಿಗಿಲು: ಇವರೀಗ ನಕ್ಕರೆ, ನಗುವುದು ಪುಸ್ತಕ ಕೇಳಿ ಅಲ್ಲ, ಪೆಟ್ಟಿಗೆಯಲ್ಲಿ ಮಲಗಿದವನನ್ನು ನೋಡಿ.

*

ಹಿಂದೊಮ್ಮೆ ಲಾಂಡ್ರಿಯಲ್ಲಿ, ಆಸ್ಪತ್ರೆಯ ಹಾಸುಬಟ್ಟೆಗಳನ್ನು ಇಸ್ತ್ರಿ ಮಾಡುವ ರೋಲರಿಗೆ ಸಿಕ್ಕಿ ಗಂಡನ ಎರಡು ಬೆರಳು ಹೋಗಿದ್ದವು. ಬ್ಯಾಂಡೇಜಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ದಿನವಿಡೀ ಗೋಡೆ ನೋಡುತ್ತಿದ್ದ. ಹೊತ್ತು ಹೋಗದೆ ಅವಳ ಪಠ್ಯವನ್ನು ಎತ್ತಿಕೊಂಡಿರಬೇಕು. ಒಂದು ಸಂಜೆ ಅವಳು ತರಗತಿ ಮುಗಿಸಿ ಬಂದರೆ, ಊಟಕ್ಕೆ ತಟ್ಟೆ ಹಾಕಿ ಕೂತಿದ್ದ.

“ಎಂಥ ಮನುಷ್ಯ ಕಣೇ ಈ ಗುರು. ಒಂದು ಕಾಲೇ ಹೋಗಿದೆ, ಇನ್ಮೇಲೆ ಒಂದು ಜೊತೆ ಚಪ್ಪಲಿ ಎರಡು ಜೊತೆಯಷ್ಟು ಬಾಳುತ್ತೆ ಅಂತಾನೆ. ನಾನು ನೋಡು, ಎರಡು ಬೆರಳಿಗೆ ಆಕಾಶ ತಲೆ ಮೇಲೆ ಬಿದ್ದ ಹಾಗೆ ಕೂತಿದೀನಿ. ಉಗುರು ಕತ್ತರಿಸೋ ಕೆಲಸ ಕಮ್ಮಿ ಆಯ್ತಪ್ಪ.”

ಅದು ತಮಾಷೆಗೆ ಬರೆದದ್ದು ಎನ್ನಲು ಅವಳು ಬಾಯಿ ತೆರೆದಳು. ತೆರೆದ ಬಾಯಿಗೆ ತುತ್ತು ಇಟ್ಟುಕೊಂಡಳು.

ಮುಂದಿನ ವಾರ ಅವನು ಕೆಲಸಕ್ಕೆ ಹೋದ. ಆಮೇಲೆ ಯಂತ್ರ ಕೆಟ್ಟರೂ, ರಜೆ ಸಿಗದಿದ್ದರೂ, ಅವಳ ಬಸಿರು ನಿಲ್ಲದೆ ಹೋದಾಗಲೂ ಆ ಗುರು ಏನನ್ನುತ್ತಿದ್ದ ಎಂದೇ ಮಾತು ಶುರುಮಾಡುತ್ತಿದ್ದ. ಲಾಂಡ್ರಿಯಲ್ಲಿ ಅವನಿಗೇ ಗುರು ಎಂದು ಹೆಸರು ಬಿತ್ತು.

*

ಅವಳು ಮೇಷ್ಟ್ರನ್ನು ಕಿಟಕಿಯ ಬಳಿಗೆ ಕರೆದಳು.

“ನಮ್ಮವರು ಇದನ್ನ ನಿಜ ಅಂತಲೇ ಓದಿದ್ರು, ಮೇಷ್ಟ್ರೇ. ನಾನು ಹೇಳಲಿಲ್ಲ.”

ಮೇಷ್ಟ್ರು ಪುಸ್ತಕವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದರು. “ನಗಿಸದೆ ಓದೋಕೆ ನನಗೆ ಬರುತ್ತೋ ಇಲ್ಲವೋ, ತಾಯಿ.”

ಬೇರೆ ಏನಾದರೂ ಓದಲೇ ಎಂದೂ ಕೇಳಿದರು. ಬೇರೆ ಓದಿದರೆ ಮೈದುನ ಯಾಕೆಂದು ಕೇಳುತ್ತಾನೆ. ಯಾಕೆಂದು ಎಲ್ಲರೆದುರು ಹೇಳಬೇಕಾಗುತ್ತದೆ. ಅವಳು ಬೇಡವೆಂದು ತಲೆಯಾಡಿಸಿದಳು.

ಮೇಷ್ಟ್ರು ಓದತೊಡಗಿದರು. ಕಾಲು ಹೋದ ಗುರುವಿನ ಪುಟ. ಚಪ್ಪಲಿಯ ಮಾತು ಮುಗಿದೊಡನೆ ಅಭ್ಯಾಸಬಲದಿಂದ ದನಿ ನಿಂತಿತು. ಎಷ್ಟೋ ವರ್ಷ ಅಲ್ಲಿ ನಗುವಿಗೆಂದು ಜಾಗ ಬಿಟ್ಟವರು. ಅವಳು ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಳು.

ಯಾರೂ ನಗಲಿಲ್ಲ. ಲಾಂಡ್ರಿಯ ಬಾಯ್ಲರ್ ನೋಡಿಕೊಳ್ಳುವವನು ಮೂಗೊರೆಸಿಕೊಂಡ.

“ಹೌದು,” ಎಂದ ಪಕ್ಕದವನಿಗೆ. “ಹಿಂಗೇ ಅಂತಿದ್ದ.”

ಮೇಷ್ಟ್ರು ತಲೆಯೆತ್ತಿ ಕುರ್ಚಿಗಳಲ್ಲಿ ಕೂತವರನ್ನೆಲ್ಲ ನೋಡಿದರು. ಕನ್ನಡಕ ಸರಿಮಾಡಿಕೊಂಡು ಪುಟಕ್ಕೆ ಮರಳಿದರು. ಸಾಲಿನ ಕೆಳಗೆ ಬೆರಳಿಟ್ಟು, ಅಕ್ಷರಕ್ಕೆ ಅಕ್ಷರ ಕೂಡಿಸಿ, ಆಗಷ್ಟೇ ಓದಲು ಕಲಿತವರ ಹಾಗೆ ಮುಂದುವರಿದರು.